ಜಿಗಿ ಇಲ್ಲದ ಹಿಟ್ಟು

ನಾನು ಬಡಿದ ರೊಟ್ಟಿಯಲ್ಲಿ ಕೂದಲು ಸಿಕ್ಕಿತು ಎಂದು ಇವತ್ತಿನ ತನಕ ಒಬ್ಬ ಗಿರಾಕಿಯೂ ಜಗಳಕ್ಕೆ ಬಂದಿಲ್ಲ. ಎಲ್ಲಿಂದ ಸಿಗಬೇಕು? ಇದ್ದರಲ್ಲವೇ ಉದುರುವುದು! ವಿಜಯಪುರದಲ್ಲಿ ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ಅವ್ವ ಮತ್ತು ನಾನು ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿ ಕೊಡುತ್ತೇವೆ. ಈ ಕೂದಲಿನ ಮಾತನ್ನು ಗಿರಾಕಿಗಳ ಮುಂದೆ ನಾನೇ ಹೇಳಿ ನಗಿಸುತ್ತೇನೆ. ಅವರು ಅನ್ನುವ ಮೊದಲು ನಾನೇ ಅಂದುಬಿಟ್ಟರೆ ಚುಚ್ಚುವುದು ಕಡಿಮೆ. ಅವರು ಹೋದ ಮೇಲೆ ತಲೆಗೆ ಕಟ್ಟಿದ ಬಟ್ಟೆಯನ್ನು ಇನ್ನೊಮ್ಮೆ ಬಿಗಿ ಮಾಡಿಕೊಳ್ಳುತ್ತೇನೆ.

ತಲೆ ಹೇಗಿದೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ. ಪೂರ್ತಿ ಬೋಳು ಅಲ್ಲ. ಪೂರ್ತಿ ಬೋಳಾಗಿದ್ದರೆ ಅದಕ್ಕೂ ಒಂದು ಮರ್ಯಾದೆ ಇರುತ್ತಿತ್ತೋ ಏನೋ. ಅಲ್ಲೊಂದಿಷ್ಟು ಇಲ್ಲೊಂದಿಷ್ಟು ತೆಳು ಕೂದಲು, ಬೆರಳುದ್ದ ಬೆಳೆಯುವಷ್ಟರಲ್ಲಿ ಮುರಿದು ಬೀಳುತ್ತವೆ, ನಡುವೆ ಚರ್ಮ ಕಾಣುತ್ತದೆ. ಹುಟ್ಟಿದಾಗ ಎಲ್ಲ ಕೂಸುಗಳ ಹಾಗೆಯೇ ಇತ್ತಂತೆ. ಕೆಲವೇ ತಿಂಗಳಲ್ಲಿ ಉದುರಿತಂತೆ. ಹುಬ್ಬು ಮತ್ತು ರೆಪ್ಪೆ ಮಾತ್ರ ದೇವರು ಕೈಬಿಚ್ಚಿ ಕೊಟ್ಟಿದ್ದಾನೆ. ಹಣೆಯ ತನಕ ನೋಡಿ ನಿಲ್ಲಿಸಿದರೆ ನಾನೂ ಚೆಲುವೆಯೇ. ಆದರೆ ಯಾರು ಹಣೆಗೆ ನಿಲ್ಲಿಸುತ್ತಾರೆ?

ಜವಳ ತೆಗೆಸಿದರೆ ಕೂದಲು ದಟ್ಟವಾಗಿ ಬರುತ್ತದೆ ಎನ್ನುವುದು ನಮ್ಮ ಮನೆಯವರ ನಂಬಿಕೆ. ಬೇರೆ ಮಕ್ಕಳಿಗೆ ಒಮ್ಮೆ ತೆಗೆಸಿ ಊಟ ಹಾಕಿಸಿ ಮುಗಿಸುತ್ತಾರೆ. ನನಗೆ ಮತ್ತೆ ಮತ್ತೆ ತೆಗೆಸಿದರು. ಅಜ್ಜಿಯ ಊರು ಸಾರವಾಡ. ಅಲ್ಲಿಯ ಮನೆದೇವರ ಗುಡಿಯ ಮುಂದೆ ಸೋದರಮಾವನ ತೊಡೆಯ ಮೇಲೆ ಕೂರಿಸಿ ಬೋಳಿಸುವುದು ರೂಢಿ. ಮಾವ, ಅಂದರೆ ಅವ್ವನ ತಮ್ಮ, ಪ್ರತಿ ಸಲ ಬಬಲೇಶ್ವರದಿಂದ ಬಂದು ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದ. "ಈ ಸಲ ಬರ್ತಾವ ನೋಡು ಬೇ, ನಾ ಹೇಳ್ತೇನಿ" ಎನ್ನುತ್ತಿದ್ದ. ಕಡೆಯ ಸಲ ನಾನು ಶಾಲೆಗೆ ಹೋಗುವ ಹುಡುಗಿ. ಕಾಲನ್ನು ನೆಲದ ಮೇಲೆ ಉದ್ದಕ್ಕೆ ಚಾಚಬೇಕಾಗುವಷ್ಟು ಬೆಳೆದವಳು ಮಾವನ ತೊಡೆಯ ಮೇಲೆ ಕೂತು, ಇಲ್ಲದ ಕೂದಲನ್ನು ತೆಗೆಸಿಕೊಂಡೆ. ಸುತ್ತ ನಿಂತವರು ನಗಲಿಲ್ಲ. ನಕ್ಕಿದ್ದರೆ ಬೈದಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅವರು ಅಯ್ಯೋ ಪಾಪ ಎಂದರು.

ಉಳ್ಳಾಗಡ್ಡಿ ರಸ ಹಚ್ಚಿದ್ದಾಯಿತು, ಕರಿಬೇವಿನ ಎಣ್ಣೆ ಆಯಿತು, ಯಾರೋ ಹೇಳಿದರೆಂದು ಅವ್ವ ಹೆಸರೇ ಇಲ್ಲದ ಎಲೆ ಅರೆದು ಮೆತ್ತಿದ್ದೂ ಆಯಿತು. ಅಪ್ಪನದು ಗೋಳಗುಮ್ಮಟ ನೋಡಲು ಬರುವವರಿಗೆ ಟೊಪ್ಪಿಗೆ ಮಾರುವ ಸಣ್ಣ ಅಂಗಡಿ. ಊರ ಮಂದಿಗೆಲ್ಲ ಟೊಪ್ಪಿಗೆ ಹಾಕುವವನ ಮಗಳಿಗೆ ಟೊಪ್ಪಿಗೆಗೆ ಬರವೇ? ಬಣ್ಣ ಬಣ್ಣದವು ಬಂದವು. ಶಾಲೆಯಲ್ಲಿ ಹಾಕಿಕೊಳ್ಳಲು ಬಿಡಲಿಲ್ಲ, ಓಢಣಿ ಕಟ್ಟಿಕೊಂಡು ಹೋದೆ.

ಶಾಲೆಯಲ್ಲಿ ನಾನು ಹುಡುಕಿಕೊಂಡ ಜಾಗ ಕಡೆಯ ಬೆಂಚು. ಹಿಂದೆ ಗೋಡೆ ಇದ್ದರೆ ಓಢಣಿಯ ಗಂಟು ಯಾರಿಗೂ ಕಾಣುವುದಿಲ್ಲ, ಯಾರೂ ಎಳೆಯುವುದಿಲ್ಲ. ಕರಿಹಲಗೆಯ ಮೇಲಿನ ಅಕ್ಷರ ಮಸುಕಾದಾಗ ದೂರ ಕೂತಿದ್ದಕ್ಕೆ ಎಂದುಕೊಂಡೆ. ಮಾಸ್ತರರೂ ಹಾಗೆಯೇ ಅಂದುಕೊಂಡರು. "ಮುಂದ ಬಂದ ಕುಂದರವಾ" ಎಂದು ಅವರು ಕರೆದಾಗಲೆಲ್ಲ "ಇಲ್ಲಿಂದ ಕಾಣಸ್ತೈತ್ರಿ ಸರ್" ಎಂದೆ. ತಲೆ ಮುಚ್ಚಿಕೊಳ್ಳುವ ಗಡಿಬಿಡಿಯಲ್ಲಿ ಕಣ್ಣು ಹೋಗುತ್ತಿರುವುದು ಮನೆಯವರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಕಾಲೇಜಿನ ಹೊತ್ತಿಗೆ ಕೈಯಲ್ಲಿದ್ದ ಪುಸ್ತಕದಲ್ಲೂ ಓದುವ ಶಬ್ದವೇ ಮಾಯವಾಗಿ ಅದರ ಆಚೆ ಈಚೆಯವು ಉಳಿಯತೊಡಗಿದವು. ಓದು ಬಿಟ್ಟು ಅವ್ವನ ಪಕ್ಕ ರೊಟ್ಟಿ ಬಡಿಯಲು ಕೂತೆ. ರೊಟ್ಟಿಗೆ ಕಣ್ಣು ಬೇಡ, ಅಂಗೈ ಸಾಕು.

ಈಗ ನನಗೆ ಯಾರನ್ನೇ ಆಗಲಿ ನೇರ ನೋಡಿದರೆ ಮುಖ ಇರುವುದಿಲ್ಲ. ಕಿವಿ, ಸೀರೆಯ ಅಂಚು, ಹಿಂದಿನ ಬಾಗಿಲು ಎಲ್ಲ ಇರುತ್ತವೆ. ಮುಖ ಬೇಕೆಂದರೆ ಬೇರೆ ಕಡೆ ನೋಡಬೇಕು, ಆಗ ಒಂದಿಷ್ಟು ಕಾಣುತ್ತದೆ. ಹಾಗಾಗಿ ಮಂದಿಗೆ ನಾನು ಸೊಕ್ಕಿನವಳು, ಮಾತಾಡುವಾಗ ಮುಖ ತಿರುಗಿಸುವವಳು. ಸೊಕ್ಕಿನವಳು ಅಂತಲೇ ಅಂದುಕೊಳ್ಳಲಿ ಎಂದು ಬಿಟ್ಟಿದ್ದೆ. ಕುರುಡಿ ಅನ್ನಿಸಿಕೊಳ್ಳುವುದಕ್ಕಿಂತ ಅದು ವಾಸಿ ಅನ್ನಿಸಿತ್ತು.

ಎಷ್ಟೋ ವರ್ಷ ಕೂದಲಿಗೆ ಚರ್ಮದ ಡಾಕ್ಟರು, ಕಣ್ಣಿಗೆ ಕಣ್ಣಿನ ಡಾಕ್ಟರು ಎಂದು ತಿರುಗಿದೆವು. ಚರ್ಮದವರ ಮುಂದೆ ಕಣ್ಣಿನ ಮಾತು ತೆಗೆಯಲಿಲ್ಲ. ಕಣ್ಣಿನವರ ಮುಂದೆ ಓಢಣಿ ತೆಗೆಯಲಿಲ್ಲ. ಕಡೆಗೆ ನಮ್ಮ ಊರಿನದೇ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗದ ಡಾಕ್ಟರಮ್ಮ, ಇನ್ನೂ ಸಣ್ಣ ವಯಸ್ಸಿನವರು, ಬೆಳಕು ಬಿಟ್ಟು ಬಹಳ ಹೊತ್ತು ನೋಡಿ, "ತಲಿ ಮ್ಯಾಲಿನ ಬಟ್ಟಿ ಸ್ವಲ್ಪ ತಗೀತೀರೇನ್ರಿ?" ಎಂದರು.

ನನಗೆ ಪಿತ್ತ ನೆತ್ತಿಗೇರಿತು. "ಕಣ್ಣ ತೋರಸಾಕ ಬಂದೇನ್ರಿ, ತಲಿ ಅಲ್ಲ" ಎಂದೆ.

"ಗೊತ್ತೈತ್ರಿ. ಅದಕ್ಕ ಕೇಳಾಕತ್ತೇನಿ."

ಅವ್ವ ಹಿಂದಿನಿಂದ ಬಂದು ಗಂಟು ಬಿಚ್ಚಿಯೇಬಿಟ್ಟಳು. ಫ್ಯಾನಿನ ಗಾಳಿ ಬರಿ ನೆತ್ತಿಗೆ ಬಡಿದದ್ದು ಇನ್ನೂ ನೆನಪಿದೆ. ಕೋಣೆಯಲ್ಲಿ ಕಲಿಯುವ ಹುಡುಗ ಹುಡುಗಿಯರು ನಿಂತಿದ್ದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಡಾಕ್ಟರಮ್ಮ ಮಾತ್ರ ಅಯ್ಯೋ ಪಾಪ ಎನ್ನಲಿಲ್ಲ. ಅವ್ವನ ಕಡೆ ತಿರುಗಿ, "ನೀವು, ನಿಮ್ಮ ಮನಿಯವರು ಸಂಬಂಧದೊಳಗೇನ್ರಿ?" ಎಂದು ಕೇಳಿದರು.

ಅವ್ವ ಎದೆಯುಬ್ಬಿಸಿ, ಹೊರಗೆ ಸಾಲಿನಲ್ಲಿ ಕೂತವರಿಗೂ ಕೇಳುವ ಹಾಗೆ, "ಹೌದ್ರೀ ಮತ್ತ! ಹೊರಗಿನವರಲ್ರಿ, ಸ್ವಂತ ಸೋದರಮಾವನ್ನ ಮಾಡ್ಕೊಂಡೇನಿ. ನಮ್ಮವ್ವನ ತಮ್ಮ" ಎಂದಳು. ನಮ್ಮ ಮನೆತನದಲ್ಲಿ ಅದು ಹೆಮ್ಮೆಯ ಮಾತು. ಅಕ್ಕನ ಮಗಳನ್ನು ಹೊರಗೆ ಬಿಡದೆ ಮನೆಯಲ್ಲೇ ಇಟ್ಟುಕೊಂಡವನು ಎಂದು ಅಪ್ಪನನ್ನು ಇವತ್ತಿಗೂ ಹೊಗಳುತ್ತಾರೆ. ಡಾಕ್ಟರಮ್ಮ ತಲೆ ತಗ್ಗಿಸಿ ಬರೆದುಕೊಂಡರು. ಅವ್ವನ ಮಾತಿನ ಏರು ಅಲ್ಲಿಗೇ ಇಳಿಯಿತು. ಮನೆಗೆ ಬರುವಾಗ ಆಟೋದಲ್ಲಿ, "ನಾ ಏನರ ತಪ್ಪ ಹೇಳಿದ್ನೇನು?" ಎಂದು ಕೇಳಿದಳು. ಆಟೋದವನಿಗೆ ಕೇಳಿಸೀತೆಂದು ನಾನು ಅವಳನ್ನು ಗದರಿಸಿ ಸುಮ್ಮನಾಗಿಸಿದೆ.

ನನ್ನ, ಅವ್ವನ, ಅಪ್ಪನ ರಕ್ತ ತೆಗೆದು ಎಲ್ಲಿಗೋ ಕಳಿಸಿದರು. ಉತ್ತರ ಬಂದ ದಿನ ಡಾಕ್ಟರಮ್ಮ ಎದುರಿಗೆ ಕೂರಿಸಿಕೊಂಡು ಹೇಳಿದರು. "ಮೈಯಾಗಿನ ಜೀವಕೋಶ ಒಂದಕ್ಕೊಂದು ಹಿಡ್ಕೊಂಡ ಇರಬೇಕಲ್ರಿ, ಹಂಗ ಹಿಡಿಯೂ ಒಂದು ಪ್ರೋಟೀನಿಗೆ ಪಿ-ಕ್ಯಾಡ್‌ಹೆರಿನ್ ಅಂತಾರ. ಅದನ್ನ ಹ್ಯಾಂಗ ಮಾಡಬೇಕಂತ ಹೇಳೂ ಜೀನಿನ ಹೆಸರು ಸಿಡಿಎಚ್ ತ್ರೀ. ಆ ಪ್ರೋಟೀನಿನ ಕೆಲಸ ಕೂದಲಿನ ಬುಡದಾಗ ಐತಿ, ಕಣ್ಣಿನ ಒಳಪದರದಾಗೂ ಐತಿ. ನಿಮ್ಮ ಎರಡೂ ತ್ರಾಸು ಬ್ಯಾರೆ ಬ್ಯಾರೆ ಅಲ್ರಿ, ಒಂದ."

"ಹಿಟ್ಟಿಗೆ ಜಿಗಿ ಇಲ್ಲ ಅನ್ರಿ" ಎಂದೆ. ಜೋಳದ ಹಿಟ್ಟಿಗೆ ಅಂಟು ಕಡಿಮೆಯಾದರೆ ನಾವು ಅನ್ನುವುದು ಹಾಗೆಯೇ. ಜಿಗಿ ಇಲ್ಲದ ಹಿಟ್ಟನ್ನು ಎಷ್ಟು ನಾದಿದರೂ ಬಡಿಯುವಾಗ ಅಂಚು ಬಿರಿಯುತ್ತದೆ.

"ಹಂಗ ತಿಳ್ಕೋರಿ. ಆದ್ರ ಇಡೀ ಮೈಗಲ್ಲ. ಮುಖ್ಯ ಈ ಎರಡ ಕಡೆ."

ಅವ್ವ ತಟ್ಟನೆ ಮುಂದೆ ಬಾಗಿದಳು. "ಹಿಟ್ಟಿಗಾದ್ರ ಕುದಿಯೂ ಎಸರ ಸರಿ ಹಾಕಿದ್ರ ಜಿಗಿ ಬರ್ತೈತಿ ಬಿಡ್ರಿ. ಇದಕ್ಕ ಏನ ಹಾಕೂದ್ರಿ?"

"ಸದ್ಯಕ್ಕ ಏನೂ ಇಲ್ರಿ ಅಮ್ಮಾ."

ಆಮೇಲೆ ಬಿಡಿಸಿ ಹೇಳಿದರು. ಪ್ರತಿಯೊಬ್ಬರಲ್ಲೂ ಆ ಜೀನು ಎರಡು ಪ್ರತಿ ಇರುತ್ತದೆ, ಒಂದು ತಾಯಿಯದು, ಒಂದು ತಂದೆಯದು. ಒಂದು ಕೆಟ್ಟಿದ್ದರೂ ಇನ್ನೊಂದು ಸಂಭಾಳಿಸುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಅವ್ವ ಅಪ್ಪ ಇಬ್ಬರೂ ಒಂದೇ ಮನೆತನದವರಾದ್ದರಿಂದ ಇಬ್ಬರಲ್ಲೂ ಅದೇ ಕೆಟ್ಟ ಪ್ರತಿ ಇತ್ತು, ಎರಡೂ ಬಂದು ನನ್ನಲ್ಲಿ ಕೂಡಿದವು. ನನಗೊಬ್ಬ ತಮ್ಮನಿದ್ದಾನೆ. ಬಾಚಣಿಗೆ ಮುರಿಯುವಷ್ಟು ಕೂದಲು ಅವನಿಗೆ. ಅವನಲ್ಲೂ ಒಂದು ಕೆಟ್ಟ ಪ್ರತಿ ಇರಬಹುದು ಎಂದರು. "ಅವರ ಮದವಿ ಸಂಬಂಧದೊಳಗ ಮಾಡೂದಿದ್ರ ಮೊದ್ಲ ಇಬ್ಬರದೂ ರಕ್ತ ನೋಡಸ್ರಿ" ಎಂದು ಒತ್ತಿ ಹೇಳಿದರು.

ಸಂಬಂಧದೊಳಗೇ ಮಾಡುವುದಿತ್ತು. ಬಬಲೇಶ್ವರದ ಮಾವನ ಮಗಳು ತಮ್ಮನಿಗೆ ಎಂದು ಅವರಿಬ್ಬರೂ ಸಣ್ಣವರಿದ್ದಾಗಲೇ ಮಾತಾಗಿತ್ತು. ಹಿರಿಯರ ಮಾತು ಒತ್ತಟ್ಟಿಗಿರಲಿ, ಅವರಿಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಮನಸ್ಸಿತ್ತು. ಅವಳು ತಿಕೋಟಾದ ಒಂದು ಖಾಸಗಿ ಶಾಲೆಯಲ್ಲಿ ಕಲಿಸುತ್ತಾಳೆ. ತಮ್ಮ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಅವಳ ಫೋನು ಬಂದರೆ ಊಟದ ತಾಟು ಬಿಟ್ಟು ಮಾಳಿಗೆ ಹತ್ತುತ್ತಿದ್ದ. ನಾವೆಲ್ಲ ಕಾಡಿಸುತ್ತಿದ್ದೆವು. ಹೂ ಮುಡಿಸುವ ಕಾರ್ಯಕ್ಕೆ ದಿನ ಗೊತ್ತಾಗಿತ್ತು.

ಡಾಕ್ಟರಮ್ಮನ ಮಾತನ್ನು ಮಾವನಿಗೆ ಹೇಳೋಣ ಎಂದರೆ ಅವ್ವ ಉರಿದುಬಿದ್ದಳು. "ನಮ್ಮ ರಕ್ತ ಕೆಟ್ಟೈತಿ ಅಂತ ನಾನ ನನ್ನ ತಮ್ಮಗ ಹೋಗಿ ಹೇಳ್ಲೇನು? ಅವನ ರಕ್ತ ಬ್ಯಾರೆ, ನನ್ನ ರಕ್ತ ಬ್ಯಾರೆ ಏನು? ಊರಾಗ ಮಾರಿ ಎತ್ತಿ ತಿರಗೂದು ಬ್ಯಾಡೇನು ನಾವು?"

ನಾನು ಮೇಲೆ ಮೇಲೆ ವಾದ ಮಾಡಿದೆ. ಒಳಗೆ ಮಾತ್ರ ಅವಳು ಒಪ್ಪದಿದ್ದರೆ ಸಾಕು ಎಂದು ಬೇಡಿಕೊಳ್ಳುತ್ತಿದ್ದೆ. ಹೇಳಿದರೆ ಆ ಮನೆಯ ಅಡುಗೆಮನೆಯಲ್ಲಿ, ಅಂಗಳದಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಮತ್ತೆ ನನ್ನ ತಲೆಯದೇ ಮಾತು ಎದ್ದೇಳುತ್ತದೆ. ಅದನ್ನು ನೆನೆಸಿಕೊಂಡರೆ ಕೈ ಓಢಣಿಯ ಗಂಟಿಗೆ ಹೋಗುತ್ತಿತ್ತು. ಕಡೆಗೆ ತಮ್ಮನೊಬ್ಬನಿಗೆ ಹೇಳಿದೆ. ಅವನು ಅವಳಿಗೆ ಹೇಳಿದ. ಇಬ್ಬರೂ ಯಾರಿಗೂ ತಿಳಿಸದೆ ಹೋಗಿ ರಕ್ತ ಕೊಟ್ಟು ಬಂದರು.

ಹೂ ಮುಡಿಸುವ ಕಾರ್ಯ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಆ ಹುಡುಗಿ ತಿಕೋಟಾದಿಂದ ಸೀದಾ ಬಸ್ ಹತ್ತಿ ನಮ್ಮ ಮನೆಗೆ ಬಂದಳು. ಅಪ್ಪನೂ ತಮ್ಮನೂ ಕೆಲಸಕ್ಕೆ ಹೋಗಿದ್ದರು. ಅವ್ವ ಬಡಿಯುತ್ತಿದ್ದಳು, ನಾನು ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ ತಿರುವುತ್ತಿದ್ದೆ. "ಬಾರವಾ ಬಾ, ಮದಲಗಿತ್ತಿ! ತಡ್ಯಾಕ ಆಗಲಿಲ್ಲೇನು?" ಎಂದು ಅವ್ವ ನಕ್ಕಳು. ಹುಡುಗಿ ನಗಲಿಲ್ಲ. ನಮ್ಮಿಬ್ಬರ ನಡುವೆ ನೆಲಕ್ಕೇ ಕೂತಳು.

"ಅತ್ತಿ, ರಿಪೋರ್ಟ್ ಬಂದೈತಿ. ಅವರೊಳಗೂ ಒಂದು ಕೆಟ್ಟ ಪ್ರತಿ ಐತಿ, ನನ್ನೊಳಗೂ ಐತಿ" ಎಂದಳು.

ಯಾವ ರಿಪೋರ್ಟ್ ಎಂದು ಅವ್ವ ಕೇಳಲಿಲ್ಲ. ಕೈ ಮಾತ್ರ ಇನ್ನಷ್ಟು ಜೋರಾಗಿ ಬಡಿಯತೊಡಗಿತು.

ಹುಡುಗಿ ನನ್ನ ಕಡೆ ತಿರುಗಿದಳು. "ಅಕ್ಕಾ, ಕೂಸಿಗೆ ಹಿಂಗ ಆಗೂದು ನಾಲ್ಕರಾಗ ಒಂದು ಅಂತಾರ ಡಾಕ್ಟರು. ಪ್ರತಿ ಸಲಾನೂ ಅಷ್ಟ. ಹೊಟ್ಟ್ಯಾಗಿದ್ದಾಗ ನೋಡಾಕ ಬರ್ತೈತಂತ. ಬ್ಯಾಡ ಅನಸಿದ್ರ..." ಎಂದು ನಿಲ್ಲಿಸಿದಳು. "ನನಗ ಅವರ ಬೇಕು. ಅವರನ್ನ ಬಿಟ್ಟ ಮತ್ತೊಬ್ಬರನ್ನ ನೋಡಿಲ್ಲ ನಾ. ಆದ್ರ ಹಂತಾ ಕೂಸಿದ್ರ ಇಟ್ಕೋಬೇಕೋ ಬ್ಯಾಡೋ ತಿಳಿಯವಲ್ದು. ಯಾರಿಗೆ ಕೇಳೂದು? ಡಾಕ್ಟರಿಗೆ ಏನ ಗೊತ್ತು, ನಿನಗ ಗೊತ್ತು. ನೀ ಹೇಳಿದಂಗ ಮಾಡ್ತೇನಿ. ಇಟ್ಕೋ ಅಂತೀಯೋ, ಬ್ಯಾಡ ಅಂತೀಯೋ?"

"ಬ್ಯಾಡ" ಎಂದೆ.

ಅವಳ ಮಾತಿನ ಕೊನೆ ನೆಲಕ್ಕೆ ಬೀಳುವ ಮೊದಲೇ ನನ್ನ ಉತ್ತರ ಹೊರಗೆ ಬಂದಿತ್ತು. ಅಷ್ಟಕ್ಕೆ ನಿಂತೆನೇ? ಇಲ್ಲ. "ನಾ ಪಟ್ಟಿದ್ದು ಸಾಕು. ಇನ್ನೊಂದು ಹೆಣ್ಣ ಕೂಸಿಗೆ ಬ್ಯಾಡ ಇದು. ಜೀವಾನ ಬ್ಯಾಡ ಅನಸ್ತೈತಿ" ಎಂದೂ ಸೇರಿಸಿದೆ. ರೊಟ್ಟಿ ಬಡಿಯುವ ಸಪ್ಪಳ ನಿಂತುಹೋಗಿತ್ತು. ಅವ್ವ ಪಕ್ಕದಲ್ಲೇ ಇದ್ದಾಳೆ ಎಂದು ಆಗ ನೆನಪಾಯಿತು. ಅವಳ ಕಡೆ ನೋಡಿದೆ, ಮುಖ ಸಿಗಲಿಲ್ಲ. ಕಣ್ಣು ಓರೆ ಮಾಡಿ ನೋಡುವ ಧೈರ್ಯ ಆಗಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀದು ವಾಸನೆ ಬಂದಾಗ ಅವ್ವನೇ ಕೈ ಚಾಚಿ ತೆಗೆದಳು.

ಹುಡುಗಿ ಚಹಾ ಕುಡಿಯದೆ ಎದ್ದಳು. ಬಾಗಿಲಲ್ಲಿ ನನ್ನ ಕೈ ಹಿಡಿದು ಒಂದು ಗಳಿಗೆ ನಿಂತು ಹೋದಳು. ಮರುದಿನ ಮಾವನ ಫೋನು ಬಂತು. ಹುಡುಗಿ ಒಲ್ಲೆ ಅನ್ನುತ್ತಿದ್ದಾಳೆ, ಕಾರಣ ಹೇಳುತ್ತಿಲ್ಲ, ಮಂದಿಗೆ ಕರೆದಾಗಿದೆ, ನೀವು ಏನು ಮಾಡಿದಿರಿ, ಏನಂದಿರಿ ಎಂದು ಕೂಗಾಡಿದ. ಅವ್ವ ಫೋನು ಕಿವಿಗೆ ಹಿಡಿದು, "ಏನೂ ಅಂದಿಲ್ಲೋ ಯಪ್ಪಾ, ನಾವೇನೂ ಅಂದಿಲ್ಲ" ಎನ್ನುತ್ತಲೇ ಇದ್ದಳು. ನನ್ನ ಹೆಸರು ಬಾಯಿಗೆ ತರಲಿಲ್ಲ.

ತಮ್ಮ ಒಂದೇ ಮಾತು ಕೇಳಿದ. "ಅಕ್ಕಾ, ಏನಂದಿ ಅಕಿಗೆ?"

"ಕೇಳಿದ್ದಕ್ಕ ಹೇಳಿದೆ" ಎಂದೆ.

"ಹ್ಞೂಂ" ಎಂದ. ಅವನಿಗೆ ನನ್ನ ಮೇಲೆ ಸಿಟ್ಟು ಬಂದಿದ್ದರೆ ನನ್ನ ಜೀವ ತಂಪಾಗುತ್ತಿತ್ತು. ಅವನು ಊಟದ ತಾಟನ್ನು ಪೂರ್ತಿ ಮುಗಿಸಿ, ತಾನೇ ತೊಳೆದಿಟ್ಟು, ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತ. ಅಪ್ಪನಿಗೆ ಯಾರು ಎಷ್ಟು ಹೇಳಿದರೋ ಗೊತ್ತಿಲ್ಲ. ಅವನು ನನ್ನ ಮುಂದೆ ಹಾಯುವಾಗ ಕೆಮ್ಮಿ ಹಾಯತೊಡಗಿದ.

ನನಗೆ ನಾಚಿಕೆ ಹೊಸದಲ್ಲ. ನಾಚಿಕೆಯಲ್ಲೇ ಬೆಳೆದವಳು. ಆದರೆ ಅಲ್ಲಿಯ ತನಕ ನಾಚಿಕೊಂಡದ್ದು ಮಂದಿಯ ಮುಂದೆ. ಈಗ ಅವ್ವನ ಪಕ್ಕ ಕೂತು ಹಿಟ್ಟು ನಾದುವುದೇ ಆಗದಾಯಿತು. ಇವಳು ಹಡೆದದ್ದನ್ನು, ಎಣ್ಣೆ ಹಚ್ಚಿದ್ದನ್ನು, ಸಾರವಾಡಕ್ಕೆ ಹೊತ್ತು ತಿರುಗಿದ್ದನ್ನು ಒಂದು ಶಬ್ದದಲ್ಲಿ ಬೇಡವಾಗಿತ್ತು ಎಂದು ಅವಳ ಎದುರಿಗೇ ಹೇಳಿ ಕೂತಿದ್ದೆ. ಹೇಳಿದ್ದು ಸುಳ್ಳಲ್ಲ, ಅದೇ ಇನ್ನೂ ಸಂಕಟ. ಅವ್ವ ಏನೂ ಆಗದವಳ ಹಾಗೆ ಎಸರು ಇಡುತ್ತಿದ್ದಳು, ಜೋಳ ಬೀಸಿಸಿ ತರುತ್ತಿದ್ದಳು, ಖಾನಾವಳಿಯವನ ಜೊತೆ ಜಗಳ ಮಾಡುತ್ತಿದ್ದಳು.

ಒಂದು ಅಮಾವಾಸ್ಯೆಯ ದಿನ ಕೆಲಸ ಇರಲಿಲ್ಲ. ಅವ್ವ ಎಂದಿನ ಹಾಗೆ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ನನ್ನನ್ನು ಮುಂದೆ ಕೂರಿಸಿಕೊಂಡಳು. ಇರುವ ನಾಲ್ಕು ಕೂದಲಿಗೆ ಅವಳು ಈಗಲೂ ಎಣ್ಣೆ ಬಿಡುವುದಿಲ್ಲ. ಬೇಡ ಎಂದು ನಾನು ಅನ್ನುವುದು, "ಸುಮ್ಮ ಕುಂದ್ರ ಬೇ" ಎಂದು ಅವಳು ತಲೆಗೊಂದು ಮೊಟಕುವುದು ವಾಡಿಕೆ. ಆ ದಿನ ನಾನು ಬೇಡ ಅನ್ನಲಿಲ್ಲ, ಅವಳೂ ಮೊಟಕಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬೆನ್ನ ಹಿಂದಿನಿಂದ ಮಾತು ಬಂತು.

"ಅಕಿ ನಿನ್ನ ಕೇಳಿದ್ಳು, ನನ್ನ ಕೇಳ್ಲಿಲ್ಲ ನೋಡು."

ಅವ್ವ ಇನ್ನಷ್ಟು ಎಣ್ಣೆ ಸುರಿದು ತಿಕ್ಕತೊಡಗಿದಳು.

"ಹಡದಾಕಿ ನಾನ ಅಲ್ಲೇ ಕುಂತಿದ್ದೆ. ಲಗ್ನ ಮಾಡೂ ಮುಂದೂ ನನ್ನ ಯಾರೂ ಕೇಳಿದ್ದಿಲ್ಲ, ಅಕಿ ಬಂದಾಗೂ ಕೇಳ್ಲಿಲ್ಲ. ಕೇಳಿದ್ರ ಹೇಳ್ತಿದ್ದೆ. ಇದ ತಲಿ, ಇದ ಕಣ್ಣು, ಇದ ಹರಕ ಬಾಯಿ, ಎಲ್ಲಾ ಮೊದ್ಲ ಗೊತ್ತಿದ್ರೂ ಇಕಿನ್ನ ಇಟ್ಕೊಂತೇನಿ ಅಂತಿದ್ದೆ."

ಕಣ್ಣು ನೋಡುವುದಕ್ಕೆ ಬರದಿದ್ದರೂ ಅಳುವುದಕ್ಕೆ ಪೂರಾ ಬರುತ್ತದೆ. ಅತ್ತುಬಿಟ್ಟೆ. "ತಪ್ಪಾತು ಬೇ ಯವ್ವಾ" ಎಂದೆ. ಅವಳು ಸೆರಗಿನಿಂದ ನನ್ನ ಮೂಗು ಒರೆಸಿದಳು, ಸಣ್ಣ ಕೂಸಿಗೆ ಒರೆಸಿದ ಹಾಗೆ, ಒರಟಾಗಿ. "ಅಕಿಗೆ ಫೋನ್ ಹಚ್ಚಿ ಹೇಳು. ನಮ್ಮವ್ವ ಹಿಂಗಂತಾಳ ಅನ್ನು. ಇನ್ನೂ ಏನೂ ಹೋಗಿಲ್ಲ, ಹುಡುಗ ದಿನಾ ಕಟ್ಟಿ ಮ್ಯಾಲ ಕುಂದರತೈತಿ" ಎಂದಳು.

ಎಣ್ಣೆ ಕೈಯಲ್ಲೇ ಫೋನು ತೆಗೆದುಕೊಂಡು ಹಿತ್ತಲಿಗೆ ಹೋದೆ. ಹುಡುಗಿ ಫೋನು ಎತ್ತಿದಳು. ಹಿಂದೆ ಮಕ್ಕಳ ಗದ್ದಲ ಕೇಳುತ್ತಿತ್ತು. ಅವ್ವ ಅಂದದ್ದನ್ನು ಅವ್ವನ ಮಾತಿನಲ್ಲೇ ಹೇಳಿದೆ. ನಾನು ಹೇಳಿದ್ದು ನನ್ನ ಒಬ್ಬಳ ಮಾತು, ಸಿಟ್ಟಿನ ಮಾತು, ಅದನ್ನು ಮನಸ್ಸಿಗೆ ಹಚ್ಚಿಕೊಂಡು ಸಂಬಂಧ ಕಡಿಯಬೇಡ ಎಂದೆ.

"ಅಕ್ಕಾ, ನೀ ಬ್ಯಾಡ ಅಂದಿದ್ದಕ್ಕ ನಾ ಬಿಡ್ಲಿಲ್ಲ" ಎಂದಳು ಅವಳು. "ಬ್ಯಾಡ ಅಂದಿದ್ರೂ ನಡೀತಿತ್ತು. ಒಂದ ಗಳಿಗಿ ವಿಚಾರ ಮಾಡಿ ಅಂದಿದ್ರ ನಾ ಈ ಮದವಿ ಆಗ್ತಿದ್ದೆ. ನೀ ವಿಚಾರನ ಮಾಡ್ಲಿಲ್ಲ. ಎಷ್ಟ ಲಗೂ ಅಂದೆಲಾ ಅಕ್ಕಾ. ನಾವೆಲ್ಲಾರೂ ಕೂಡಿ ನಿನಗ ಏನ ಮಾಡಿದ್ವಿ ಅಂತ ನನಗ ಆವಾಗ ತಿಳೀತು. ನಿಮ್ಮ ಮನಿಯಾಗ, ನಮ್ಮ ಮನಿಯಾಗ, ಇನ್ನೊಂದು ಹಂತಾ ಕೂಸಿನ್ನ ತಂದ ಬಿಡಾಕ ನನಗ ಧೈರ್ಯ ಸಾಲಲಿಲ್ಲ."

ಗಂಟೆ ಹೊಡೆದ ಸಪ್ಪಳ ಕೇಳಿತು. ಕ್ಲಾಸಿದೆ ಎಂದು ಫೋನು ಇಟ್ಟಳು.

ಒಳಗೆ ಬಂದೆ. ಅವ್ವ ಎಣ್ಣೆಯ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಏನಂದ್ಳು?"

"ಏನಿಲ್ಲ ಬೇ. ಆರಾಮ ಅದಾಳಂತ" ಎಂದೆ.